ಮೂರನೇ ಅಬ್ಬಿಯ ಮೇಲಿನ ಬಿಲ

ಆಲಿವ್ ಗಾಣಗಳು ತಿರುಗತೊಡಗಿದ ಮೇಲೆ ನಮ್ಮೂರು ಅಗುನಿಯ ಬುಗ್ಗೆಯ ನೀರು ಕಹಿಯಾಗುತ್ತದೆ. ಮೊದಲು ವಾಸನೆ, ಆಮೇಲೆ ಚಹಾದಂಥ ಬಣ್ಣ. ಆಗ ಹೆಂಗಸರು ರಸ್ತೆಯಾಚೆಯ ನಲ್ಲಿಯಿಂದ ಡಬ್ಬಗಳಲ್ಲಿ ನೀರು ಹೊರುತ್ತಾರೆ. ನನ್ನ ಹೆಂಡತಿ ಫೆತ್ತಾ ಚಳಿಗಾಲ ಮುಗಿಯುವಷ್ಟರಲ್ಲಿ ಬಲಗೈ ಎತ್ತಿ ತಲೆ ಬಾಚಿಕೊಳ್ಳಲಾರದ ಸ್ಥಿತಿಗೆ ಬಂದಿರುತ್ತಾಳೆ.

ಕಣಿವೆಯ ಮೇಲ್ತುದಿಯಲ್ಲಿರುವ ತಿಗ್ರಿನ್ ಊರಿನ ಗಾಣವೇ ಇದಕ್ಕೆ ಕಾರಣವೆಂದು ನಮ್ಮವರು ಹಿಂದಿನಿಂದಲೂ ಹೇಳುತ್ತಿದ್ದರು. ತಿಗ್ರಿನ್‌ನವರು ಅದನ್ನು ಕೇಳಿ ನಗುತ್ತಿದ್ದರು. ಗಾಣದ ಕಪ್ಪು ನೀರು ತೊರೆಗೆ ಸೇರುವುದು ನಿಜ, ಆದರೆ ತೊರೆ ಮೂರು ಅಬ್ಬಿಗಳನ್ನು ಧುಮುಕಿ ನೇರವಾಗಿ ದೊಡ್ಡ ಹೊಳೆಗೆ ಹೋಗುತ್ತದೆ, ನಿಮ್ಮ ಬುಗ್ಗೆ ಇರುವುದು ಪಕ್ಕದ ಗುಡ್ಡದಲ್ಲಿ, ನೀರು ತೊರೆ ಬಿಟ್ಟು ಗುಡ್ಡದೊಳಗೆ ನುಗ್ಗುವುದೇ ಎಂದು ಕೇಳುತ್ತಿದ್ದರು.

ಈ ಸಲ ಎರಡೂ ಊರಿನ ಹಿರಿಯರು ಒಟ್ಟಿಗೆ ಸೇರಿದ್ದ ಸಭೆಯಲ್ಲಿ ನಾನು ಎದ್ದು ನಿಂತೆ. ಹಗಲು ಕೊಳಾಯಿ ಕೆಲಸ ಮಾಡಿ, ಸಂಜೆ ತರಗತಿಗೆ ಹೋಗಿ, ತಲೆ ನರೆತ ಮೇಲೆ ಪರೀಕ್ಷೆ ಪಾಸು ಮಾಡಿದವನು ನಾನು. ಸುಣ್ಣಕಲ್ಲಿನ ಗುಡ್ಡಗಳ ಒಳಗೆ ನೀರು ತನ್ನದೇ ದಾರಿ ಕೊರೆದುಕೊಂಡಿರುತ್ತದೆ ಎಂದು ನಮ್ಮ ಮೇಷ್ಟ್ರು ಹಲಗೆಯ ಮೇಲೆ ಬರೆದು ತೋರಿಸಿದ್ದರು. ಮೂರನೇ ಅಬ್ಬಿಯ ಮೇಲೆ ಒಂದು ಬಿಲವಿದೆ, ತೊರೆಯ ಒಂದು ಪಾಲು ಅಲ್ಲಿ ಇಳಿದುಹೋಗುತ್ತದೆ ಎಂದು ಮೇಕೆ ಕಾಯುವವರು ಹೇಳುವುದನ್ನೂ ಕೇಳಿದ್ದೆ. ಆ ಬಿಲಕ್ಕೆ ತೇಲುವಂಥದ್ದೇನಾದರೂ ಸುರಿದು, ನಮ್ಮ ಬುಗ್ಗೆಯಲ್ಲಿ ಬರುತ್ತದೋ ಇಲ್ಲವೋ ಕಾದು ನೋಡೋಣ ಎಂದೆ. ಹೇಳಿ ಕೂತ ಕೂಡಲೇ, ಮೇಷ್ಟ್ರು ಬರೆದದ್ದು ಬೇರೆ ಯಾವುದೋ ದೇಶದ ಗುಡ್ಡವಾಗಿರಬಹುದಲ್ಲ ಎನ್ನಿಸಿತು.

ಆದರೆ ಸಭೆ ಒಪ್ಪಿಬಿಟ್ಟಿತು. ಸೂರ್ಯ ಮುಳುಗುವುದರೊಳಗೆ ಅದು ಬುಗ್ಗೆಯಲ್ಲಿ ಕಾಣಿಸಿದರೆ ತಿಗ್ರಿನ್‌ನವರು ತೊರೆಗೆ ಬಿಡುವುದನ್ನು ನಿಲ್ಲಿಸಿ, ಗಾಣದ ನೀರಿಗೆ ಕೊಳ ತೋಡಬೇಕು. ಕಾಣಿಸದಿದ್ದರೆ ಅಗುನಿ ಒಂದು ಟಗರು ಕಡಿದು ಅವರಿಗೆ ಊಟ ಹಾಕಬೇಕು, ಮತ್ತೆಂದೂ ಈ ಮಾತು ಎತ್ತಬಾರದು. ಮತ್ತೆಂದೂ ಎಂಬುದನ್ನು ಎರಡು ಸಲ ಹೇಳಿದರು.

ಬುಗ್ಗೆ ಹೆಂಗಸರ ಜಾಗ. ಗಂಡಸರು ದಾರಿಯ ತಿರುವಿನಾಚೆ ಕಾಲಿಡುವಂತಿಲ್ಲ. ಹಾಗಾಗಿ ಕಾದು ನೋಡುವವರು ಹೆಂಗಸರೇ ಆಗಬೇಕು, ಅದರಲ್ಲೂ ತಿಗ್ರಿನ್‌ನ ಹೆಂಗಸೊಬ್ಬಳ ಮಾತೇ ಕೊನೆಯ ಮಾತಾಗಬೇಕು. ಅವರು ಆರಿಸಿದ್ದು ಯೆಮ್ಮಾ ಸೆಕೂರಾಳನ್ನು. ಆಕೆ ಸತ್ತ ಗಾಣದೊಡೆಯನ ಹೆಂಡತಿ, ಈಗ ಗಾಣ ನಡೆಸುವ ಬೂಸಾದ್‌ನ ತಾಯಿ. ನಮ್ಮವರು ಗೊಣಗಿದರು. ಆಗ ಸೀ ಯಹ್ಯಾ, ಎರಡೂ ಊರು ಮಾತು ಕೇಳುವ ಮರಾಬೂತ್ ಎಂಬ ಸಂತರ ಮನೆತನದ ಹಿರಿಯ, ಆಕೆಯನ್ನು ನಂಬಲಾರದವರು ಗುಡ್ಡ ಹತ್ತಿ ಏನು ಪ್ರಯೋಜನ ಎಂದು ಕೇಳಿ ಸುಮ್ಮನಾಗಿಸಿದರು. ಸುರಿಯುವ ವಸ್ತುವನ್ನೂ ತಾವೇ ತರುವುದಾಗಿ ಹೇಳಿದರು.

ತಿಗ್ರಿನ್ ಕಡೆಯಿಂದ ಬಿಲಕ್ಕೆ ದಾರಿಯಿಲ್ಲ, ಕಡಿದಾದ ಬಂಡೆ. ಕೆಳಗಿನಿಂದಲೇ ಹತ್ತಬೇಕು. ಬೆಳಕು ಹರಿಯುವಾಗ ನಾವು ಮೂವರು ಹೊರಟೆವು. ಬಾಯಿ ಹೊಲಿದ ಚೀಲ ಬೆನ್ನಿಗೆ ಕಟ್ಟಿಕೊಂಡ ಸೀ ಯಹ್ಯಾ ಮುಂದೆ, ನಾನು ನಡುವೆ, ಬೂಸಾದ್ ಹಿಂದೆ. ಬೂಸಾದ್ ದಪ್ಪ ಆಳು. ಗಾಣದ ಕೆಲಸದಿಂದ ಅವನ ಉಗುರುಗಳು ಕಪ್ಪಾಗಿದ್ದವು. ಸಭೆಯಿಂದೀಚೆಗೆ ಅವನು ನನ್ನನ್ನು ಮೇಷ್ಟ್ರೇ ಎಂದೇ ಕರೆಯುತ್ತಿದ್ದ.

ಮೊದಲ ಅಬ್ಬಿಯವರೆಗೆ ಎಲ್ಲರೂ ಬಲ್ಲ ದಾರಿ, ಹೆಂಗಸರು ಉಣ್ಣೆ ತೊಳೆಯುವ ಜಾಗ. ಅದರಾಚೆ ಕಾಡು. ಬಾಟಲಿ ಮುಚ್ಚುವ ಬೆಂಡಿಗಾಗಿ ತೊಗಟೆ ಸುಲಿದ ಓಕ್ ಮರಗಳು ಸೊಂಟದವರೆಗೆ ಕೆಂಪಗೆ ನಿಂತಿದ್ದವು. ಜರೀಗಿಡಗಳ ಕೆಳಗೆ ನೆಲ ಎಲ್ಲಿದೆಯೆಂದು ಕಾಲಿಟ್ಟ ಮೇಲೆಯೇ ತಿಳಿಯುತ್ತಿತ್ತು. ಬಾಲವಿಲ್ಲದ ಕೋತಿಗಳು ಮರಿಗಳನ್ನು ತಬ್ಬಿಕೊಂಡು ಕೊಂಬೆಗಳ ಮೇಲೆ ಕೂತಿದ್ದವು. ನಾವು ಏಕೆ ಬಂದೆವೆಂದು ಅವುಗಳಿಗೂ ಗೊತ್ತಾಗಬೇಕಿತ್ತೋ ಏನೋ, ಬಹಳ ದೂರ ಮರದಿಂದ ಮರಕ್ಕೆ ಹಾರಿ ಹಿಂದೆಯೇ ಬಂದವು.

ಎರಡನೇ ಅಬ್ಬಿಯ ಪಕ್ಕದಲ್ಲಿ ಬಂಡೆಗೆ ಹೊಡೆದ ಹಳೆಯ ಕಬ್ಬಿಣದ ಗೂಟಗಳಿವೆ. ನೀರಿನ ಹನಿ ಬಿದ್ದು ಅವು ಜಾರುತ್ತಿದ್ದವು. ಸೀ ಯಹ್ಯಾ ಮನೆಯ ಏಣಿ ಹತ್ತಿದಂತೆ ಹತ್ತಿಹೋದರು. ನಾನು ನಡುವೆ ಒಂದು ಗೂಟ ಹಿಡಿದು ನಿಂತುಬಿಟ್ಟೆ. ಮೇಲಿನ ಗೂಟ ಅಲುಗಾಡುತ್ತಿತ್ತು, ಕೆಳಗೆ ನೋಡುವ ಧೈರ್ಯವಿರಲಿಲ್ಲ.

"ಯಾಕೆ ಮೇಷ್ಟ್ರೇ," ಬೂಸಾದ್ ಕೆಳಗಿನಿಂದ ಕೇಳಿದ, "ಇದರ ಪಾಠ ಇನ್ನೂ ಆಗಿಲ್ವಾ?"

"ಗೂಟ ಅಲುಗಾಡ್ತಿದೆ ಕಣೋ."

"ನಿಮ್ಮ ಕಾಲು ಅಲುಗಾಡ್ತಿರೋದು. ಎಡಗಾಲು ನನ್ನ ಭುಜದ ಮೇಲಿಡಿ. ಇಡಿ, ಪರ್ವಾಗಿಲ್ಲ. ಮೂಟೆ ಹೊತ್ತು ಅಭ್ಯಾಸ ಇದೆ ನಂಗೆ."

ಅವನ ಭುಜ ತುಳಿದು ಮೇಲೆ ಹೋದೆ. ಅಲ್ಲಿ ಒಣ ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿದೆವು. ನನ್ನಲ್ಲಿ ಒಣ ಅಂಜೂರ, ಸೀ ಯಹ್ಯಾರಲ್ಲಿ ಬೇಯಿಸಿದ ಮೊಟ್ಟೆ, ಬೂಸಾದ್‌ನಲ್ಲಿ ರೊಟ್ಟಿ ಮತ್ತು ಒಂದು ಬಾಟಲಿ ಹೊಸ ಎಣ್ಣೆ. ಅವನು ಎಣ್ಣೆಯಲ್ಲಿ ರೊಟ್ಟಿ ಅದ್ದಿ ನನಗೆ ಕೊಟ್ಟು ಹೇಗಿದೆ ಎಂದು ಕೇಳಿದ. ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಹೇಳಲೇಬೇಕಾಯಿತು.

"ಚೆನ್ನಾಗಿರೋದು ಬಾಟ್ಲಿಗೆ ಬರುತ್ತೆ," ಎಂದ. "ಉಳಿದದ್ದು ಎಲ್ಲಿಗೆ ಹೋಗುತ್ತೋ, ನೋಡೋಣ."

ಅಲ್ಲಿಂದ ಮುಂದೆ ನನ್ನನ್ನು ಒಂದು ವಿಷಯ ಕಾಡತೊಡಗಿತು. ಹಿಂದಿನ ವಾರ ಮಳೆಯಾಗಿತ್ತು, ಮೇಲಿನ ಶಿಖರಗಳಲ್ಲಿ ಹಿಮ ಕರಗುತ್ತಿತ್ತು. ಆದರೂ ಮೂರನೇ ಅಬ್ಬಿಯ ಬುಡದಲ್ಲಿ ತೊರೆ ಮೊಣಕಾಲು ಮುಳುಗುವಷ್ಟೂ ಇರಲಿಲ್ಲ. ದೂರದಿಂದ ಕೇಳುತ್ತಿದ್ದ ಸದ್ದಿಗೂ ಇಲ್ಲಿ ಹರಿಯುತ್ತಿದ್ದ ನೀರಿಗೂ ತಾಳೆಯಾಗುತ್ತಿರಲಿಲ್ಲ. ಆದರೆ ನನಗೆ ಬೇಕಾದ್ದನ್ನೇ ನಾನು ಕಾಣುತ್ತಿದ್ದೇನೇನೋ ಎಂಬ ಅನುಮಾನವಿತ್ತು. ಸ್ವಲ್ಪ ಹೊತ್ತಿಗೆ ಬೂಸಾದ್ ತಾನಾಗಿಯೇ ನಿಂತ. ನೀರಿಗೆ ಕೈಯಿಟ್ಟ. ತಲೆಯೆತ್ತಿ ಅಬ್ಬಿಯ ನೆತ್ತಿ ನೋಡಿದ.

"ನಮ್ಮೂರಲ್ಲಿ ಇದೇ ತೊರೇನ ದಾಟೋಕೆ ಕತ್ತೆ ಹೆದರುತ್ತೆ," ಎಂದ. ಆಮೇಲೆ ನನ್ನನ್ನು ಮೇಷ್ಟ್ರೇ ಎಂದು ಛೇಡಿಸುವುದನ್ನು ಮರೆತು ನಮ್ಮಿಬ್ಬರಿಗಿಂತ ಮುಂದೆ ನಡೆದ.

ಮೂರನೆಯದಕ್ಕೆ ಗೂಟಗಳಿಲ್ಲ. ಪಕ್ಕದ ಕೊರಕಲಲ್ಲಿ ಬೇರು ಹಿಡಿದು, ಕಲ್ಲು ಹಿಡಿದು, ಕೆಲವೆಡೆ ಹೊಟ್ಟೆಯ ಮೇಲೆ ತೆವಳಿ ಹತ್ತಬೇಕು. ಒಂದು ಕಲ್ಲು ಕಿತ್ತು ಬಂದು ನಾನು ಜಾರಿದೆ, ಮೊಣಕಾಲು ಬಂಡೆಗೆ ಬಡಿಯಿತು. ಸೀ ಯಹ್ಯಾ ಮೇಲಿನಿಂದ ತಮ್ಮ ತಲೆವಸ್ತ್ರ ಬಿಚ್ಚಿ ಇಳಿಬಿಟ್ಟರು. ಅದನ್ನು ಹಿಡಿದು ಮೇಲೆ ಬಂದಾಗ ಉಸಿರು ತಿರುಗಲು ಬಹಳ ಹೊತ್ತು ಹಿಡಿಯಿತು.

ಮೇಕೆ ಕಾಯುವವರು ಸುಳ್ಳು ಹೇಳಿರಲಿಲ್ಲ. ತೊರೆ ಅಬ್ಬಿಯಾಗುವ ಮೊದಲು ಒಂದು ಬೋಗುಣಿಯಂಥ ಗುಂಡಿಗೆ ಬರುತ್ತಿತ್ತು. ಅಲ್ಲಿ ಅದು ಎರಡಾಗುತ್ತಿತ್ತು. ಸಣ್ಣ ಪಾಲು ಅಂಚಿನಿಂದ ಧುಮುಕುತ್ತಿತ್ತು. ದೊಡ್ಡ ಪಾಲು ಒಂದು ಸುತ್ತು ಸುತ್ತಿ, ಬಾಗಿದ ಬಂಡೆಯ ಕೆಳಗೆ, ಆಳು ತೂರುವಷ್ಟಗಲದ ಕತ್ತಲೆಯೊಳಗೆ ಹೋಗುತ್ತಿತ್ತು. ಅಲ್ಲಿ ನೊರೆಯಿಲ್ಲ, ಗದ್ದಲವಿಲ್ಲ. ದೊಡ್ಡ ಪ್ರಾಣಿಯೊಂದು ನಿಧಾನವಾಗಿ ನೀರು ಕುಡಿಯುವ ಸದ್ದು ಮಾತ್ರ. ಬಂಡೆಯ ಬಾಯಿಗೆ ಕಂದು ಜಿಡ್ಡು ಮೆತ್ತಿಕೊಂಡಿತ್ತು. ಬೂಸಾದ್ ಅದನ್ನು ಬೆರಳಿಂದ ಒರೆಸಿ ಮೂಸಿದ. ಮತ್ತೆ ಮೂಸಿದ. ಆಮೇಲೆ ಹೊಟ್ಟೆಯ ಮೇಲೆ ಮಲಗಿ ಬಿಲಕ್ಕೆ ಕಿವಿಗೊಟ್ಟ.

"ಒಳಗಿಂದ ಗಾಳಿ ಬರ್ತಿದೆ," ಎಂದ. "ಬಾರೋ ಮಖ್ಲೂಫ್, ಕೇಳು."

ಅವನು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ನಾನೂ ಮಲಗಿದೆ. ಗವಿಯ ತಣ್ಣನೆಯ ಉಸಿರು ಮುಖಕ್ಕೆ ಬಡಿಯಿತು. ಬಹಳ ಒಳಗೆ, ನಮ್ಮ ಗುಡ್ಡದ ದಿಕ್ಕಿನಲ್ಲೋ ಇನ್ನೆಲ್ಲೋ, ನೀರು ಮತ್ತೊಂದು ನೀರಿಗೆ ಬೀಳುತ್ತಿತ್ತು.

ಸೀ ಯಹ್ಯಾ ಚೀಲದ ಹೊಲಿಗೆ ಬಿಚ್ಚಿದರು. ಒಳಗಿದ್ದದ್ದು ಬೆಂಡಿನ ಕಾರ್ಖಾನೆಯಲ್ಲಿ ಗುಡಿಸಿ ಎಸೆಯುವ ಚೂರುಗಳು. ಆದರೆ ಅವೆಲ್ಲ ಮದುಮಗಳ ಅಂಗೈಯ ಬಣ್ಣಕ್ಕೆ ತಿರುಗಿದ್ದವು. ಅವರ ಹೆಂಡತಿ ಚೂರುಗಳನ್ನು ಗೋರಂಟಿಯಲ್ಲಿ ಕುದಿಸಿದ್ದಳಂತೆ. ಬಣ್ಣದ ಸಂಗತಿ ಗಂಡ ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಯಾರೂ ಮರದಿಂದ ಬೆಂಡು ಕೆರೆದು ಬುಗ್ಗೆಗೆ ಹಾಕಿ ಬಂತು ಎನ್ನುವಂತಿರಬಾರದಲ್ಲ ಎಂದರು. ಹಾಗೆನ್ನುವಾಗ ಅವರು ನನ್ನ ಕಡೆಯೂ ನೋಡಿದರು.

ಸುರಿಯಬೇಕಾದವರು ಅವರೇ. ಆದರೆ ಬೂಸಾದ್ ತಾನು ಸುರಿಯುತ್ತೇನೆಂದು ಕೈ ಚಾಚಿದ. ಅಬ್ಬಿಯ ಅಂಚು ಎರಡು ಮಾರು ದೂರದಲ್ಲಿತ್ತು. ಅವನು ಒಮ್ಮೆ ಆ ಕಡೆ ಕೊಡವಿದರೆ ಎಲ್ಲ ದೊಡ್ಡ ಹೊಳೆಯ ಪಾಲು, ನಾವು ಟಗರು ಕಡಿಯುವುದೇ ಸೈ. ಸೀ ಯಹ್ಯಾ ನನ್ನನ್ನು ನೋಡಿದರು, ನಿರ್ಧಾರ ನನಗೇ ಬಿಟ್ಟವರಂತೆ.

"ಬಂದರೆ ಏನ್ ಮಾಡ್ತೀಯ?" ಎಂದು ಬೂಸಾದ್‌ನನ್ನು ಕೇಳಿದೆ.

"ಕೊಳ ತೋಡ್ಬೇಕು. ಗಾಣದ ಈ ವರ್ಷದ ದುಡಿಮೆಯೆಲ್ಲ ಮಣ್ಣಿಗೆ ಹೋಗುತ್ತೆ." ಅವನು ಬಿಲದ ಕಡೆಯೇ ನೋಡುತ್ತಿದ್ದ. "ನಮ್ಮಪ್ಪ ಸಾಯೋ ತನಕ ನಿಮ್ಮೋರ ಜೊತೆ ಈ ಜಗಳ ಆಡ್ದ. ಒಂದು ದಿನಾನೂ ಇಲ್ಲಿಗೆ ಬಂದು ನೋಡ್ಲಿಲ್ಲ. ನಿಮ್ಮೋರೂ ಬರ್ಲಿಲ್ಲ. ನಂಗೆ ಗೊತ್ತಾಗ್ಬೇಕು ಕಣೋ."

ಅವನಿಗೇ ಕೊಡಿ ಎಂದು ಸೀ ಯಹ್ಯಾರಿಗೆ ಹೇಳಿದೆ. ಅವನು ಬಿಲದ ಬಾಯಿಗೆ ಮೊಣಕಾಲೂರಿ, ಒಂದು ಚೂರೂ ಅಂಚಿನ ಕಡೆ ತಪ್ಪಿಹೋಗದಂತೆ ಬೊಗಸೆ ಬೊಗಸೆಯಾಗಿ ಇಳಿಬಿಟ್ಟ. ಚೂರುಗಳು ಒಂದು ಸುತ್ತು ಸುತ್ತಿ, ಸಾಲು ಹಿಡಿದು, ಕತ್ತಲೆಗೆ ಹೋದವು. ಕೊನೆಗೆ ಚೀಲವನ್ನು ತಿರುವಿ ನೀರಿನಲ್ಲಿ ಜಾಲಿಸಿದ.

ಇಳಿಯುವಾಗ ಮೋಡ ಕವಿಯಿತು. ನನ್ನ ಮೊಣಕಾಲು ಊದಿ ಮಡಚಲು ಬರುತ್ತಿರಲಿಲ್ಲ. ಹತ್ತುವಾಗ ಹೆದರಿಸಿದ ಗೂಟಗಳನ್ನು ಇಳಿಯುವಾಗ ಗಮನಿಸಲೂ ಇಲ್ಲ, ನಮಗೆ ಅಷ್ಟು ಅವಸರ. ಸಮತಟ್ಟು ಬಂದಲ್ಲೆಲ್ಲ ಬೂಸಾದ್ ನನ್ನ ತೋಳನ್ನು ಕುತ್ತಿಗೆಗೆ ಹಾಕಿಕೊಂಡು ಎಳೆದೊಯ್ದ. ಬೇಗ ಬೇಗ ಎಂದು ಅವನು ನನ್ನನ್ನು, ನಾನು ಅವನನ್ನು ಅವಸರಪಡಿಸಿದೆವು.

ಬುಗ್ಗೆಯ ದಾರಿಯ ತಿರುವಿಗೆ ಬಂದಾಗ ಎರಡೂ ಊರಿನ ಗಂಡಸರು ಅಲ್ಲೇ ನಿಂತಿದ್ದರು. ಒಳಗಿನಿಂದ ಯಾವ ಸುದ್ದಿಯೂ ಬಂದಿರಲಿಲ್ಲ. ಮೋಡ ಸರಿದು, ಸಂಜೆಯ ಬಿಸಿಲು ಎದುರಿನ ಗುಡ್ಡದ ನೆತ್ತಿಗೆ ಏರಿಬಿಟ್ಟಿತ್ತು. ತಿಗ್ರಿನ್‌ನ ಇಬ್ಬರು ಹಿರಿಯರು ಯಾರ ಮನೆಯ ಟಗರು ಕೊಬ್ಬಿದೆಯೆಂದು ನಮ್ಮ ಕಿವಿಗೆ ಬೀಳುವಂತೆ ಮಾತಾಡಿಕೊಳ್ಳುತ್ತಿದ್ದರು. ನಮ್ಮೂರಿನ ಯಾರೂ ನನ್ನ ಮುಖ ನೋಡಲಿಲ್ಲ. ಮುಂದಿನ ಚಳಿಗಾಲ, ಅದರ ಮುಂದಿನದು, ಫೆತ್ತಾಳ ಭುಜ, ಎಲ್ಲವೂ ಕಣ್ಣ ಮುಂದೆ ಬಂದವು. ಒಂದು ದೂರು ಹೇಳಿಕೊಳ್ಳುವ ಹಕ್ಕಾದರೂ ಇತ್ತು, ನಾನು ಎದ್ದು ನಿಂತು ಅದನ್ನೂ ಕಳೆದೆ.

ಅಷ್ಟರಲ್ಲಿ ಒಳಗೆ ಹೆಂಗಸರ ದನಿ ಒಮ್ಮೆಗೇ ಎದ್ದಿತು. ಬೈಗುಳವೋ ನಗುವೋ ತಿಳಿಯಲಿಲ್ಲ. ಸೀ ಯಹ್ಯಾ ಗಟ್ಟಿಯಾಗಿ ಕೆಮ್ಮಿದರು. ಸದ್ದು ಅಡಗಿತು. ಯೆಮ್ಮಾ ಸೆಕೂರಾ ಮುಂದೆ ಬಂದಳು. ಅವಳ ಎದೆಯವರೆಗೂ ಬಟ್ಟೆ ನೆನೆದಿತ್ತು, ಕೈಯಲ್ಲಿ ಮುದುರಿ ಹಿಡಿದ ಬಿಳಿ ಅರಿವೆ. ಅವಳ ಹಿಂದೆ ಫೆತ್ತಾ, ಬಾಯಿಗೆ ಸೆರಗು ಅಡ್ಡ ಹಿಡಿದು.

ಆದದ್ದು ಇಷ್ಟು. ತಿಗ್ರಿನ್‌ನಿಂದ ಅತಿಥಿ ಬರುತ್ತಾಳೆಂದು ನಮ್ಮ ಹೆಂಗಸರು ಮುಂಜಾನೆಯೇ ಬುಗ್ಗೆಯ ತೊಟ್ಟಿಯನ್ನು ಕಲ್ಲು ಬೆಳ್ಳಗಾಗುವವರೆಗೆ ಉಜ್ಜಿದ್ದರು. ಅವಳ ಕಣ್ಣೆದುರೇ ತೊಟ್ಟಿಗೆ ಹುಳುವೋ ಎಲೆಯೋ ಬಿದ್ದರೆ ಊರಿನ ಮಾನವೇನಾಗಬೇಕೆಂದು ಫೆತ್ತಾ ನೀರು ಬೀಳುವ ಬಾಯಿಗೆ ಹೊಸ ಮಲ್ಲು ಬಟ್ಟೆ ಕಟ್ಟಿದ್ದಳು. ಆಮೇಲೆ ಎಲ್ಲರೂ ಅತಿಥಿಯನ್ನು ಒಳ್ಳೆಯ ಚಾಪೆಯ ಮೇಲೆ ಕೂರಿಸಿ, ತೊಟ್ಟಿಯನ್ನು ದಿಟ್ಟಿಸುತ್ತ ದಿನವಿಡೀ ಕಾದಿದ್ದರು. ಸಂಜೆ ನೀರು ಸಣ್ಣಗಾಯಿತು, ಬಟ್ಟೆ ಉಬ್ಬಿತು. ನಿಮ್ಮ ಬುಗ್ಗೆಗೆ ಗಂಟಲು ಕಟ್ಟಿದೆಯಲ್ಲ ಎಂದು ಯೆಮ್ಮಾ ಸೆಕೂರಾಳೇ ಎದ್ದು ಗಂಟು ಬಿಚ್ಚಿದಳಂತೆ. ಒಳಗಿದ್ದದ್ದೆಲ್ಲ ಅವಳ ಎದೆಗೇ ನುಗ್ಗಿತು.

ಇದನ್ನು ಫೆತ್ತಾ ನನಗೆ ಹೇಳಿದ್ದು ಆಮೇಲೆ. ಆ ಹೊತ್ತಿಗೆ ಎಲ್ಲರೂ ನೋಡುತ್ತಿದ್ದದ್ದು ಮುದುಕಿಯ ಮುಷ್ಟಿಯನ್ನು. ಬಂತೋ ಇಲ್ಲವೋ ಅಷ್ಟು ಹೇಳು ಎಂದು ಅವರೂರಿನ ಹಿರಿಯ ಕೇಳಿದ. ಅವಳು ಅವನ ಕಡೆ ತಿರುಗಲಿಲ್ಲ. ಮಗನ ಕೆಸರು ಮೆತ್ತಿದ ಕಾಲು, ಅವನ ಹೆಗಲ ಮೇಲಿನ ನನ್ನ ತೋಳು, ಎಲ್ಲ ನೋಡಿದಳು.

"ಕೊಳ ಗಾಣದ ಹಿಂದೆ ತೋಡು ಬೂಸಾದ್," ಎಂದಳು. "ಮುಂದೆ ಬೇಡ. ಮುಂದೆ ಮಕ್ಕಳು ಓಡಾಡ್ತಾವೆ."

ಆಮೇಲೆ ಅರಿವೆ ಬಿಡಿಸಿದಳು. ಗೋರಂಟಿ ಬಣ್ಣದ ಚೂರುಗಳು ಒಂದು ಹಿಡಿಯಷ್ಟಿದ್ದವು. ಹಿರಿಯ ತಲೆ ತಗ್ಗಿಸಿದ. ನಮ್ಮವರಲ್ಲಿ ಯಾರೋ ದೇವರ ಹೆಸರು ಹೇಳಿದರು. ಆ ಮುದುಕಿಯ ಎದುರು ಕೂಗಾಡಲು ಯಾರಿಗೂ ಬಾಯಿ ಬರಲಿಲ್ಲ.

ಬೂಸಾದ್ ಒಂದು ಚೂರನ್ನು ಎತ್ತಿ ಹಿಸುಕಿದ, ಬೆಳಕಿಗೆ ಹಿಡಿದ. ಅವನ ಮುಖದಲ್ಲಿ ಸೋಲು ಹುಡುಕಿದೆ, ಇತ್ತೋ ಏನೋ, ನನಗೆ ಕಾಣಲಿಲ್ಲ.

"ಯಾವಾಗ ಬಂತಮ್ಮ ಇದು?" ಎಂದ.

"ಈಗ. ನಾನು ಬಿಚ್ಚಿದಾಗ."

"ಅದಲ್ಲ. ಬಟ್ಟೆಗೆ ಬಂದು ಸೇರಿದ್ದು ಯಾವಾಗ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಿಗೆ ಗೊತ್ತು? ಮಧ್ಯಾಹ್ನವೇ ಬಂದಿರಬಹುದು, ಆಗಷ್ಟೇ ಬಂದಿರಬಹುದು. ನನ್ನ ನಾಲಗೆಯ ತುದಿಯಲ್ಲೂ ಅದೇ ಪ್ರಶ್ನೆಯಿತ್ತು. ಅವನು ನನ್ನ ಕಡೆ ತಿರುಗಿದ. ಒಳಗೆ ದಾರಿ ನೇರವಾಗಿರಬೇಕು ಎಂದ. ನೇರವಾಗಿದ್ದರೆ ಹಿಡಿಯಷ್ಟೇ ಏಕೆ ಬಂತು, ಚೀಲದಷ್ಟು ಸುರಿದೆವಲ್ಲ, ಎಲ್ಲೋ ಒಂದು ಮಡು ಇರಬೇಕು ಎಂದೆ. ಮಡುವಾದರೆ ಉಳಿದದ್ದು ಅಲ್ಲಿ ತೇಲುತ್ತಿರುತ್ತದೆಯೇ, ಇಲ್ಲ ಬೇರೆ ಯಾವುದಾದರೂ ಊರಿನ ಬುಗ್ಗೆಗೆ ಹೋಗಿರುತ್ತದೆಯೇ ಎಂದು ಅವನು ಕೇಳಿದ. ಅದು ನನಗೆ ಹೊಳೆದಿರಲಿಲ್ಲ.

ಸೀ ಯಹ್ಯಾ ಖಾಲಿ ಚೀಲ ಮಡಚುತ್ತ, ಇನ್ನೊಮ್ಮೆ ಹೋಗುವುದಾದರೆ ತಮ್ಮನ್ನು ಕರೆಯಬೇಡಿ ಎಂದು ಹೇಳಿ ಮನೆಯ ಕಡೆ ಹೊರಟರು. ತಿಗ್ರಿನ್‌ನವರ ವ್ಯಾನು ರಸ್ತೆಯಲ್ಲಿ ಹಾರನ್ ಹೊಡೆಯುತ್ತಿತ್ತು. ಯೆಮ್ಮಾ ಸೆಕೂರಾ ಆಗಲೇ ಹತ್ತಿ ಕೂತಿದ್ದಳು. ಬೂಸಾದ್ ಮಾತ್ರ ದಾರಿಯಲ್ಲೇ ಕುಕ್ಕರಗಾಲಲ್ಲಿ ಕೂತು, ಒಂದು ಕಡ್ಡಿಯಿಂದ ಕೆಸರಿನಲ್ಲಿ ಮೂರು ಅಬ್ಬಿಗಳನ್ನೂ ಬಿಲವನ್ನೂ ಗೀಚಿ, ಬುಗ್ಗೆ ಯಾವ ಕಡೆ ಬರುತ್ತದೆ ತೋರಿಸು ಎಂದು ಕಡ್ಡಿಯನ್ನು ನನ್ನ ಕೈಗೆ ಕೊಟ್ಟ.