ಅಧ್ಯಕ್ಷೆಯ ಮತ

ಏವ್ರಿಲ್ ಮರದ ಸುತ್ತಿಗೆಯನ್ನು ಮೂರನೆಯ ಸಲ ಮೇಜಿಗೆ ಕುಟ್ಟಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಚರ್ಚಿನ ಪಕ್ಕದ ಸಭಾಂಗಣದಲ್ಲಿ ನೂರಿಪ್ಪತ್ತು ಕುರ್ಚಿಗಳಿದ್ದವು. ಶನಿವಾರ ಬೆಳಿಗ್ಗೆ ಹತ್ತೂವರೆಗೇ ಅವೆಲ್ಲ ತುಂಬಿ, ತಡವಾಗಿ ಬಂದವರು ಒದ್ದೆ ಕೋಟುಗಳಲ್ಲೇ ಗೋಡೆಗೆ ಒರಗಿ ನಿಂತಿದ್ದರು. ಕಿಟಕಿ ಗಾಜುಗಳ ಮೇಲೆ ಉಸಿರಿನ ಹಬೆ ಕಟ್ಟಿತ್ತು.

"ಕೂತ್ಕೊಳಿ, ಎಲ್ಲಾ ಕೂತ್ಕೊಳಿ. ಒಬ್ಬೊಬ್ಬರಾಗಿ ಮಾತಾಡಿ ಅಂತ ಮೊದಲೇ ಹೇಳಿದೀನಿ."

"ಕುರ್ಚಿ ಎಲ್ಲಿದೆ ತಾಯಿ ಕೂರೋಕೆ? ಫ್ರಾನ್ಸಿಂದ ತರಿಸ್ತೀರಾ?" ಎಂದು ಹಿಂದಿನಿಂದ ಯಾರೋ ಕೂಗಿದರು. ಜನ ನಕ್ಕರು. ಚುಚ್ಚಬೇಕೆಂದೇ ನಕ್ಕ ನಗು ಅದು.

ಇಂಗ್ಲೆಂಡಿನ ಕಡಲತೀರದ ಸ್ಕೆಲ್ಬಿಯಲ್ಲಿ ಪುರಸಭೆ ಕೂತಾಗ ಕೇಳಲು ಬರುವವರು ಇಬ್ಬರೋ ಮೂವರೋ. ಅವರದ್ದೂ ಬೀದಿ ದೀಪದ ದೂರು, ಇಲ್ಲವೇ ಸಮುದ್ರದಂಡೆಯಲ್ಲಿ ನಾಯಿಗಳ ಹೊಲಸಿನ ದೂರು. ಈ ಸಲ ಊರಿಗೆ ಊರೇ ಬಂದದ್ದು ಪುರಸಭೆಯ ಸದಸ್ಯ ಟ್ರೆವರ್ ಮೇನ್‌ಪ್ರೈಸ್ ಮಂಡಿಸಿದ ಗೊತ್ತುವಳಿಗಾಗಿ. ಫ್ರಾನ್ಸಿನ ಪ್ಲೂಮೋರ್ ಎಂಬ ಮೀನುಗಾರರ ಊರು ಮೂವತ್ತು ವರ್ಷಗಳಿಂದ ಸ್ಕೆಲ್ಬಿಯ ಜೋಡಿ ಊರಾಗಿತ್ತು. ಒಂದು ವರ್ಷ ಇವರು ಅಲ್ಲಿಗೆ ಹೋಗುವುದು, ಮರುವರ್ಷ ಅವರು ಇಲ್ಲಿಗೆ ಬರುವುದು. ಆ ನಂಟನ್ನು ಕಡಿದುಕೊಳ್ಳಬೇಕು, ಊರ ಬಾಗಿಲಿನ ಫಲಕದಿಂದ ಪ್ಲೂಮೋರ್ ಹೆಸರು ತೆಗೆಯಬೇಕು, ಮೇ ತಿಂಗಳಲ್ಲಿ ಬರಲಿದ್ದ ನಲವತ್ತು ಅತಿಥಿಗಳಿಗೆ ಬರಬೇಡಿರೆಂದು ಕಾಗದ ಬರೆಯಬೇಕು ಎಂದು ಟ್ರೆವರ್ ಕೇಳಿದ್ದ.

ದೇಶ ಯುರೋಪ್ ಒಕ್ಕೂಟವನ್ನು ಬಿಡಲು ಗೊತ್ತಾದ ದಿನಕ್ಕೆ ಇನ್ನು ಮೂರೇ ವಾರ. ಬಿಡುವುದು ಹೇಗೆಂದು ಲಂಡನ್ನಿನ ಸಂಸತ್ತಿನಲ್ಲಿ ಇನ್ನೂ ಕಿತ್ತಾಡುತ್ತಿದ್ದರು. ಜನಮತ ಕೇಳಿದಾಗ ಸ್ಕೆಲ್ಬಿಯಲ್ಲಿ ಮೂವರಲ್ಲಿ ಇಬ್ಬರು ಬಿಡೋಣ ಎಂದವರೇ. ಸುಮಾರು ಮೂರು ವರ್ಷ ಕಾದು ಅವರ ತಾಳ್ಮೆ ಹರಿದಿತ್ತು. ಇರೋಣ ಎಂದವರಿಗೂ ಅಷ್ಟೇ ಸಿಟ್ಟು. ಲಂಡನ್ನಿಗೆ ಹೋಗಿ ಕೂಗಲಾಗದ ಎರಡೂ ಕಡೆಯವರಿಗೆ ಟ್ರೆವರ್ ಒಂದು ಜಾಗ ಮಾಡಿಕೊಟ್ಟಿದ್ದ.

ಅವನು ಹಾರ್ಡ್‌ವೇರ್ ಅಂಗಡಿಯವನು. ಕೈಯಲ್ಲಿ ಕಾಗದವಿಲ್ಲದೆ ಮಾತಾಡಿದ. "ನನಗೆ ಫ್ರಾನ್ಸಿನವರ ಮೇಲೆ ದ್ವೇಷ ಇಲ್ಲ. ಆದ್ರೆ ಬಿಡ್ತೀವಿ ಅಂದಮೇಲೆ ಬಿಡಬೇಕು. ಒಂದು ಕಾಲು ಮನೆ ಒಳಗೆ, ಒಂದು ಕಾಲು ಬೀದೀಲಿ ಇಟ್ಕೊಂಡು ಎಷ್ಟು ದಿನ ಅಂತ ನಿಂತಿರೋದು? ಅಲ್ಲಿ ದೊಡ್ಡೋರ ಕೈಲಿ ಆಗ್ತಿಲ್ಲ. ಇಲ್ಲಿ ನಾವಾದ್ರೂ ಮಾಡಿ ತೋರಿಸೋಣ."

ಚಪ್ಪಾಳೆ ಬಿತ್ತು. ಏಡಿ ಮಾರುವ ಹೆಂಗಸೊಬ್ಬಳು ಎದ್ದು ನಿಂತಳು. "ನಾನು ಹಿಡಿಸೋ ಏಡಿಯೆಲ್ಲಾ ಲಾರಿ ಹತ್ತಿ ಫ್ರಾನ್ಸಿಗೇ ಹೋಗೋದು. ನಾಳೆ ಅವರು ತಗೊಳಲ್ಲ ಅಂದ್ರೆ ಏನ್ಮಾಡ್ಲಿ? ಟ್ರೆವರ್, ದಿನಾ ಮೂರು ಹೊತ್ತೂ ನೀನೇ ತಿಂತೀಯಾ?"

"ಅವರಿಗೆ ಬೇಕು ಕಣಮ್ಮ ಏಡಿ. ತಗೊಂಡೇ ತಗೋತಾರೆ!"

"ಮುಖಕ್ಕೆ ಬಾಗಿಲು ಹಾಕಿ, ಕಿಟಕಿಯಿಂದ ಏಡಿ ಕೊಡ್ತೀನಿ ಅಂತೀಯಲ್ಲ, ಅದೇನು ಬುದ್ಧಿಯೋ!"

ಈಗ ಇನ್ನೊಂದು ಕಡೆಯವರ ಚಪ್ಪಾಳೆ. ಯಾರೋ 'ದೇಶದ್ರೋಹಿ' ಎಂದರು. ಯಾರೋ ತಿರುಗಿ 'ಕತ್ತೆ' ಎಂದರು. ಏವ್ರಿಲ್ ಮತ್ತೆ ಸುತ್ತಿಗೆ ಕುಟ್ಟಿದಳು. ಮೂವತ್ತು ವರ್ಷ ಅಂಚೆ ಕಚೇರಿಯ ಕಿಂಡಿಯ ಹಿಂದೆ ಕೂತಿದ್ದವಳು ಅವಳು. ಎದುರಿದ್ದ ಒಂದೊಂದು ಮುಖವೂ ಅವಳಿಗೆ ಗೊತ್ತು, ಅವರ ಅಪ್ಪ ಅಮ್ಮಂದಿರೂ ಗೊತ್ತು. ಆದರೂ ಅಂದು ಅವರ ಕಣ್ಣು ನೋಡಿ ಅವಳಿಗೆ ಹೆದರಿಕೆಯಾಯಿತು.

ಮೊದಲ ಸಾಲಿನಲ್ಲಿ ನೋರೀನ್ ಕೂತಿದ್ದಳು, ತೊಡೆಯ ಮೇಲೆ ಹಳದಿ ಕಡತ. ಶಾಲೆಯಲ್ಲಿ ಫ್ರೆಂಚ್ ಕಲಿಸಿ ನಿವೃತ್ತಳಾದವಳು. ಜೋಡಿ ಊರಿನ ಸಂಘವನ್ನು ಇಬ್ಬರೂ ಸೇರಿ ಕಟ್ಟಿದ್ದರು. ಏವ್ರಿಲ್‌ಗೆ ಅವಳಿಗಿಂತ ಹತ್ತಿರದವರು ಊರಲ್ಲಿ ಯಾರೂ ಇರಲಿಲ್ಲ. ಕೊನೆಯ ಸಾಲಿನ ಮೂಲೆಯಲ್ಲಿ ಏವ್ರಿಲ್‌ಳ ಅಣ್ಣ ಲೆಸ್, ಟೋಪಿ ಮಡಿಲಲ್ಲಿಟ್ಟುಕೊಂಡು, ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಕಿಟಕಿಯ ಕಡೆ ನೋಡುತ್ತಿದ್ದ.

ಗೊತ್ತುವಳಿಯನ್ನು ಮತಕ್ಕೆ ಹಾಕಿದರು. ಗುಮಾಸ್ತ ಪುರಸಭೆಯ ಸದಸ್ಯರು ಎತ್ತಿದ ಕೈಗಳನ್ನು ಎಣಿಸಿದ. ಪರವಾಗಿ ನಾಲ್ಕು, ವಿರುದ್ಧ ನಾಲ್ಕು. ಸಮ ಬಿದ್ದರೆ ಮಾತ್ರ ಅಧ್ಯಕ್ಷರು ಮತ ಹಾಕುವುದು ಆ ಸಭೆಯ ವಾಡಿಕೆ. ಗುಮಾಸ್ತ ಅವಳ ಕಡೆ ತಿರುಗಿದ.

"ಇನ್ನೇನು ಕೇಳೋದು ಬಿಡಿ!" ಎಂದು ಗೋಡೆಗೊರಗಿದ್ದವನೊಬ್ಬ ಕಿರುಚಿದ. "ಫ್ರಾನ್ಸಿನವರ ಮನೇಲಿ ಹದಿನೈದು ಸಲ ಉಂಡು ಬಂದಿರೋಳು. ಅವಳ ಮತ ಅಲ್ಲೇ ಅಡವಿಟ್ಟಾಗಿದೆ!"

ನೋರೀನ್ ತಟ್ಟನೆ ಎದ್ದಳು. ಅವಳ ಕತ್ತು ಕೆಂಪಾಗಿತ್ತು. "ಹೌದು, ಉಂಡಿದೀವಿ. ಅದರಲ್ಲೇನು ನಾಚಿಕೆ? ಏವ್ರಿಲ್, ಹೇಳೇ ಇವರಿಗೆ. ಜನಮತಕ್ಕೆ ಮುಂಚೆ ಸಂತೇಲಿ ಗಾಳಿಗೆ ಮೇಜು ಹಾರಿಹೋಗದ ಹಾಗೆ ಹಿಡ್ಕೊಂಡು, ಒಕ್ಕೂಟದಲ್ಲೇ ಇರೋಣ ಅಂತ ಕರಪತ್ರ ಹಂಚಿದೋರು ನಾವಿಬ್ಬರೇ. ಊರೆಲ್ಲಾ ಉಗಿದ್ರೂ ಹಂಚಿದ್ವಿ. ಯಾವ ಕಡೆ ಅಂತ ತಲೆ ಎತ್ತಿ ಹೇಳು. ನಮಗೆ ಯಾರ ಭಯ?"

ಏವ್ರಿಲ್ ಸುತ್ತಿಗೆಯನ್ನು ಮೇಜಿನ ಮೇಲೆ ಇಟ್ಟಳು.

ಅವಳು ಮೇಜು ಹಿಡಿದುಕೊಂಡದ್ದು ನಿಜ. ಅದಾಗಿ ಐದು ದಿನಕ್ಕೆ, ಶಾಲೆಯ ಮತಗಟ್ಟೆಯಲ್ಲಿ, ದಾರ ಕಟ್ಟಿದ ಗಿಡ್ಡ ಪೆನ್ಸಿಲು ಹಿಡಿದು ನಿಂತಾಗ ಅವಳ ಕೈ ಕೆಳಗಿನ ಚೌಕಕ್ಕೆ ಹೋಗಿತ್ತು. ಬಿಡೋಣ ಎಂಬ ಚೌಕಕ್ಕೆ. ಮಾರನೆಯ ದಿನ ಫಲಿತಾಂಶ ಕೇಳಿ ನೋರೀನ್ ಅವಳ ಅಡುಗೆಮನೆಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಾಗ ಏವ್ರಿಲ್ ಟೀ ಮಾಡಿಕೊಟ್ಟು, ಬೆನ್ನು ಸವರಿ ಸುಮ್ಮನಿದ್ದಳು. ಆ ನವೆಂಬರಿನಲ್ಲಿ ಗಂಡ ಕ್ಲಿಫರ್ಡ್ ತೀರಿಕೊಂಡ. ಏವ್ರಿಲ್ ಹೋದಾಗಲೆಲ್ಲ ಉಳಿದುಕೊಳ್ಳುತ್ತಿದ್ದ ಮನೆಯ ಒಡೀಲ್, ಪ್ಲೂಮೋರಿನಿಂದ ಒಬ್ಬಳೇ ಹಡಗು ಹತ್ತಿ, ಎರಡು ರೈಲು ಬದಲಿಸಿ ಬಂದಿಳಿದಳು. ಸಮಾಧಾನ ಹೇಳುವಷ್ಟು ಇಂಗ್ಲಿಷ್ ಅವಳಿಗೆ ಬಾರದು. ಒಂದು ವಾರ ಪಾತ್ರೆ ತೊಳೆದಳು, ಸೂಪು ಕಾಯಿಸಿದಳು, ಬಂದವರಿಗೆ ಬಾಗಿಲು ತೆರೆದಳು. ಹೊರಡುವ ಹಿಂದಿನ ದಿನ, ಕೈ ಒರೆಸಿಕೊಳ್ಳುತ್ತಾ, "ನಿಮ್ಮವರಿಗೆ ನಾವು ಬೇಡವಾದೆವಾ?" ಎಂದು ಕೇಳಿದಳು. ಏವ್ರಿಲ್ ಅಂದಿದ್ದಳು: "ನನಗಲ್ಲ." ಒಡೀಲ್ ಅವಳ ಕೆನ್ನೆ ಮುಟ್ಟಿದ್ದಳು.

"ಹೇಳೇ," ಎಂದಳು ನೋರೀನ್. ಅವಳ ಕಣ್ಣು ಹೊಳೆಯುತ್ತಿತ್ತು.

"ಕೂತ್ಕೋ ನೋರೀನ್."

"ಹೇಳಿಬಿಡು, ಆಮೇಲೆ ಕೂರ್ತೀನಿ."

"ನಾನು ಬಿಡೋಣ ಅಂತಲೇ ಮತ ಹಾಕಿದ್ದು."

ಮೊದಲು ಯಾರಿಗೂ ಅರ್ಥವಾದಂತೆ ಕಾಣಲಿಲ್ಲ. ಆಮೇಲೆ ಗದ್ದಲ ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಒಂದೊಂದೇ ಸಾಲು ಅಡಗುತ್ತಾ ಹೋಯಿತು. ಟ್ರೆವರ್‌ನ ಬಾಯಿ ನಗಲು ಶುರುವಾಗಿ ಅರ್ಧಕ್ಕೇ ನಿಂತಿತು.

"ಏನಂದೆ?" ಎಂದಳು ನೋರೀನ್. ತೀರಾ ಸಣ್ಣ ದನಿ.

"ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಕ್ಲಿಫರ್ಡಿಗೂ ಹೇಳದೇನೇ ಅವನನ್ನ ಮಣ್ಣು ಮಾಡಿದೆ." ಏವ್ರಿಲ್ ಮೇಜಿನ ಅಂಚು ಹಿಡಿದುಕೊಂಡಿದ್ದಳು. "ನಮ್ಮಪ್ಪನ ದೋಣಿ ನಿಮಗೆಲ್ಲಾ ನೆನಪಿರಬೇಕು. ಹುಟ್ಟಿದಾಗ ನನಗಿಟ್ಟ ಹೆಸರನ್ನೇ ಅದಕ್ಕೂ ಇಟ್ಟಿದ್ರು. ಅಪ್ಪ ಆದ್ಮೇಲೆ ಲೆಸ್ ಓಡಿಸ್ತಿದ್ದ. ಸಮುದ್ರದಲ್ಲಿ ಮೀನು ಕಮ್ಮಿಯಾಗಿದೆ, ದೋಣಿಗಳೂ ಕಮ್ಮಿಯಾಗಬೇಕು ಅಂತ ಒಕ್ಕೂಟದಿಂದ ಕಾಯಿದೆ ಬಂತು. ಪರಿಹಾರ ಬೇಕಾದ್ರೆ ದೋಣಿ ಒಡೆಸಬೇಕು. ಮಾರೋ ಹಾಗಿಲ್ಲ, ಯಾರಿಗೂ ಕೊಡೋ ಹಾಗಿಲ್ಲ, ಅಂಗಳದಲ್ಲಿ ಇಟ್ಕೊಳ್ಳೋ ಹಾಗೂ ಇಲ್ಲ. ದಂಡೆ ಮೇಲೆ ಎಳೆದು ಜೆಸಿಬಿ ತಂದು ಒಡೆದ್ರು. ಒಳ್ಳೇ ದೋಣಿ. ಆ ವಾರವಷ್ಟೇ ಬಣ್ಣ ಹೊಡೆದಿದ್ದ ಲೆಸ್. ಒಡೆಯೋಕೆ ಕೊಡೋ ದೋಣಿಗೆ ಯಾಕೋ ಬಣ್ಣ ಅಂದ್ರೆ, ಹೀಗೇ ಕಳಿಸೋಕೆ ಆಗಲ್ಲ ಅಂದ. ಆ ಶಬ್ದ ನಾನು ಕೇಳಿದೀನಿ. ಮತ ಹಾಕೋ ದಿನ ನನ್ನ ಕಿವೀಲಿ ಬೇರೇನೂ ಇರ್ಲಿಲ್ಲ."

"ಮತ್ತಿನ್ನೇನು!" ಟ್ರೆವರ್ ಎದ್ದು ನಿಂತ. "ಕೇಳಿದ್ರಾ ಎಲ್ಲರೂ? ಇದನ್ನೇ ನಾನು ಹೇಳ್ತಾ ಇರೋದು. ಗುಮಾಸ್ತರೇ, ಬರ್ಕೊಳಿ, ಪರವಾಗಿ ಐದು."

"ನನ್ನ ಮತ ನಾನು ಹೇಳ್ತೀನಿ ಟ್ರೆವರ್, ನೀನು ಕೂತ್ಕೋ." ಅವಳ ದನಿ ಏರಿತು. "ಪ್ಲೂಮೋರಲ್ಲೂ ಒಡೆದ್ರು. ಒಡೀಲ್ ಗಂಡನ ದೋಣೀನೂ ಅದೇ ಕಾಯಿದೇಲಿ ಹೋಯ್ತು. ಅವಳ ಮನೇಲಿ ಗೋಡೆ ಮೇಲೆ ಅದರ ಚುಕ್ಕಾಣಿ ಇದೆ. ನೀನು ಮೂವತ್ತು ವರ್ಷದಲ್ಲಿ ಒಂದೇ ಒಂದ್ಸಲ ಹೋಗಿದ್ರೆ ನೋಡಿರ್ತಿದ್ದೆ. ನನ್ನ ಮತ ವಿರುದ್ಧ. ಗೊತ್ತುವಳಿ ಬಿದ್ದುಹೋಯ್ತು. ಅವರು ಮೇ ತಿಂಗಳಲ್ಲಿ ಬರ್ಲಿ."

ಸಭೆ ಒಮ್ಮೆಲೇ ಭುಗಿಲೆದ್ದಿತು. ಗೊತ್ತುವಳಿ ಗೆಲ್ಲಬೇಕೆಂದವರು ಮೋಸ ಎಂದು ಕೂಗಿದರು. ಸೋಲಬೇಕೆಂದವರು ಗೆದ್ದೂ ಚಪ್ಪಾಳೆ ತಟ್ಟಲಿಲ್ಲ. "ಹಾಗಾದ್ರೆ ನೀನು ಯಾವ ಕಡೆಯವಳು?" ಎಂದು ಟ್ರೆವರ್ ಮೇಜಿನ ಹತ್ತಿರ ಬಂದು ಕೇಳಿದ. ಅವನಿಗೆ ನಿಜಕ್ಕೂ ಉತ್ತರ ಬೇಕಾಗಿತ್ತು. "ಎರಡೂ ನಾನೇ ಮಾಡಿದ್ದು ಟ್ರೆವರ್. ನನಗೆ ಗೊತ್ತಿರೋದು ಅಷ್ಟೇ," ಎಂದಳು ಏವ್ರಿಲ್.

ನೋರೀನ್ ಮೇಜಿನ ಮುಂದೆ ಬಂದು ನಿಂತಳು. ಅಳುತ್ತಿರಲಿಲ್ಲ. ಹಳದಿ ಕಡತವನ್ನು ಅಂಚಿಗೆ ಸರಿಯಾಗಿ ಹೊಂದುವಂತೆ ಮೇಜಿನ ಮೇಲೆ ಇಟ್ಟಳು.

"ಬರೋರ ಪಟ್ಟಿ ಇದರಲ್ಲಿದೆ. ಯಾರು ಯಾರ ಮನೇಲಿ ಅಂತಾನೂ ಬರೆದಿದೀನಿ. ಇನ್ಮೇಲೆ ನೀವೇ ನೋಡ್ಕೊಳ್ಳಿ, ಅಧ್ಯಕ್ಷರೇ."

"ನೋರೀನ್..."

"ಅವತ್ತು ನಿಮ್ಮ ಅಡುಗೆಮನೇಲಿ ಕೂತು ಅತ್ತೆ. ನೀವು ಟೀ ಕೊಟ್ರಿ." ಅವಳು ಕೋಟಿನ ಗುಂಡಿಯನ್ನು ಕುತ್ತಿಗೆಯವರೆಗೆ ಹಾಕಿಕೊಂಡಳು. "ಬಿಡೋಣ ಅಂದೋರು ಊರಲ್ಲಿ ಸಾವಿರಾರು ಜನ ಇದಾರೆ. ಅವರ್‍ಯಾರೂ ನನ್ನ ಬೆನ್ನು ಸವರಲಿಲ್ಲ."

ಜನ ಚದುರಲು ಅರ್ಧ ಗಂಟೆಯೇ ಹಿಡಿಯಿತು. ಏವ್ರಿಲ್ ಹೊರಗೆ ಬಂದಾಗ ಮಳೆ ನಿಂತು, ಸಮುದ್ರದ ಕಡೆಯಿಂದ ಕೊರೆಯುವ ಗಾಳಿ ಬೀಸುತ್ತಿತ್ತು. ಮೆಟ್ಟಿಲ ಬಳಿ ಲೆಸ್ ಟೋಪಿ ಹಾಕಿಕೊಂಡು ನಿಂತಿದ್ದ.

"ನನ್ನ ದೋಣಿ ಸುದ್ದಿ ನಿನಗ್ಯಾಕೆ ಬೇಕಿತ್ತು?" ಎಂದ.

"ತಪ್ಪಾಯ್ತು ಕಣೋ."

"ಬಣ್ಣ ಹೊಡೆದಿದ್ದೂ ಹೇಳ್ಬೇಕಿತ್ತಾ? ಊರಿನವರ ಮುಂದೆ?"

"ನಾನು ಆ ಮತ ಹಾಕಿದ್ದೇ ನಿನಗೋಸ್ಕರ, ಲೆಸ್."

ಅವನ ಮುಖದಲ್ಲಿ ಕೋಪವಿರಲಿಲ್ಲ. ಅಂಗಡಿಯಲ್ಲಿ ಯಾರೋ ತಪ್ಪು ಸಾಮಾನು ಕೈಗೆ ಕೊಟ್ಟಾಗ ನೋಡುವ ಹಾಗೆ ಅವಳನ್ನು ನೋಡಿದ.

"ನಾನು ಅವತ್ತು ಹೋಗಲೇ ಇಲ್ಲ," ಎಂದ.

"ಎಲ್ಲಿಗೆ?"

"ಮತ ಹಾಕೋಕೆ. ಹಲ್ಲು ನೋಯ್ತಿತ್ತು. ಸಂಜೆ ಹೋದ್ರಾಯ್ತು ಅಂತ ಮಲಗಿದೆ, ನಿದ್ದೆ ಬಂತು." ಅವನು ಜೇಬಿಗೆ ಕೈ ಹಾಕಿ ಕೈಗವಸು ಹುಡುಕಿದ. "ಹೋಗಿದ್ರೂ ಯಾವುದಕ್ಕೆ ಹಾಕ್ತಿದ್ನೋ ಗೊತ್ತಿಲ್ಲ. ದೋಣಿ ಹೋಗಿ ಇಪ್ಪತ್ತೈದು ವರ್ಷ ಆಯ್ತು ಏವ್ರಿಲ್. ನಾನು ಕೇಳಿದ್ನಾ ನಿನ್ನ?"

ಉತ್ತರಕ್ಕೆ ಕಾಯದೆ ಅವನು ಬಂದರಿನ ಇಳಿಜಾರು ಹಿಡಿದು ಹೋದ. ಮೊಣಕಾಲು ನೋವಿಗೆ ಒಂದು ಕಡೆ ವಾಲುತ್ತಾ ನಡೆಯುವ ಅವನನ್ನು ತಿರುವಿನವರೆಗೆ ನೋಡುತ್ತಾ ಅವಳು ನಿಂತಳು. ನಗು ಬರುತ್ತಿದೆಯೋ ಅಳು ಬರುತ್ತಿದೆಯೋ ಅವಳಿಗೇ ತಿಳಿಯಲಿಲ್ಲ. ಎರಡೂ ಬರಲಿಲ್ಲ.

ಬೆಳಿಗ್ಗೆ ಏವ್ರಿಲ್ ನೋರೀನ್‌ಳನ್ನು ತನ್ನ ಕಾರಿನಲ್ಲೇ ಕರೆತಂದಿದ್ದಳು. ಇಬ್ಬರದೂ ಕಡಲಂಚಿನ ಎತ್ತರದ ಬಂಡೆ ಮೇಲಿನ ಒಂದೇ ಬೀದಿ, ನಡುವೆ ಮೂರು ಮನೆ. ಕಾರು ಚರ್ಚಿನ ಮೂಲೆ ದಾಟುವಾಗ ನೋರೀನ್ ಬಸ್ ನಿಲ್ದಾಣದ ಗಾಜಿನ ಮರೆಯಲ್ಲಿ ಒಬ್ಬಳೇ ನಿಂತಿರುವುದು ಕಾಣಿಸಿತು. ಏವ್ರಿಲ್ ಕಾರು ನಿಧಾನ ಮಾಡಿ ಪಕ್ಕದ ಕಿಟಕಿ ಇಳಿಸಿದಳು.

"ಹತ್ತು ನೋರೀನ್. ಮಾತಾಡ್ಬೇಡ ಬೇಕಾದ್ರೆ. ಚಳಿ ಇದೆ, ಹತ್ತು."

ನೋರೀನ್ ಬಸ್ಸಿನ ವೇಳಾಪಟ್ಟಿಯನ್ನು ಓದುತ್ತಿದ್ದಳು. ಗಂಟೆಗೊಂದು ಬಸ್ಸು ಬರುವ ಆ ನಿಲ್ದಾಣದ ಪಟ್ಟಿಯಲ್ಲಿ ಓದಲು ಅಷ್ಟೇನಿರಲಿಲ್ಲ. ಹಿಂದೆ ಬಸ್ಸು ಬಂದು ಹಾರ್ನ್ ಹೊಡೆಯಿತು. ಏವ್ರಿಲ್ ಕಾರನ್ನು ಮುಂದೆ ಒಯ್ದು ಅಂಚಿಗೆ ನಿಲ್ಲಿಸಿದಳು. ಬಸ್ಸು ನೋರೀನ್‌ಳನ್ನು ಹತ್ತಿಸಿಕೊಂಡು ಏವ್ರಿಲ್‌ಳ ಕಾರನ್ನು ದಾಟಿ ಹೋಯಿತು.

ಬಂಡೆಯ ಮೇಲೇರುವ ರಸ್ತೆ ಕಿರಿದು. ಒಂದು ಕಡೆ ಕಲ್ಲಿನ ಗೋಡೆ, ಇನ್ನೊಂದು ಕಡೆ ಸಮುದ್ರ. ಬಸ್ಸನ್ನು ದಾಟಿ ಹೋಗಲು ಎಲ್ಲೂ ಜಾಗವಿಲ್ಲ. ಏವ್ರಿಲ್ ಅದರ ಹಿಂದೆಯೇ ಎರಡನೆಯ ಗೇರಿನಲ್ಲಿ ಹತ್ತಿದಳು. ಹಿಂದಿನ ಗಾಜಿನಲ್ಲಿ ನೋರೀನ್‌ಳ ನರೆತ ತಲೆ ಕಾಣುತ್ತಿತ್ತು. ಅದು ತಿರುವುಗಳಲ್ಲಿ ಬಸ್ಸಿನೊಡನೆ ಅತ್ತಿತ್ತ ವಾಲುತ್ತಿತ್ತು, ಹಿಂದಕ್ಕೆ ತಿರುಗಲಿಲ್ಲ. ಅರ್ಧ ದಾರಿಯ ನಿಲ್ದಾಣದಲ್ಲಿ ಬಸ್ಸು ನಿಂತಿತು. ಯಾರೂ ಇಳಿಯಲಿಲ್ಲ, ಯಾರೂ ಹತ್ತಲಿಲ್ಲ. ಚಾಲಕ ಹೊತ್ತಿಗಾಗಿ ಕಾಯುತ್ತಿದ್ದನೋ ಏನೋ, ಬಾಗಿಲು ತೆರೆದೇ ಇತ್ತು. ಏವ್ರಿಲ್ ಎರಡು ಮಾರು ಹಿಂದೆ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಕೂತಿದ್ದಳು.