ಹುಳಿಸೊಪ್ಪು ಮತ್ತೆ ಚಿಗುರಿದ್ದು

ಊಟ ಬಲ್ಲವನಿಗೆ ರೋಗವಿಲ್ಲ, ರೋಗ ಬಂದವನಿಗೆ ಊಟವೇ ಗೊತ್ತಿಲ್ಲ. ಗಾದೆಯ ಕಾಲು ಮುರಿದದ್ದು ಹೌದು. ಕಥೆ ಮಾತ್ರ ಅಪ್ಪಟ ನಿಜ.

ಕಾರ್ಖಾನೆಯ ಕ್ಯಾಂಟೀನಿನ ಅಡುಗೆಯವನಿಗೆ ಚಳಿಗಾಲದಲ್ಲಿ ಜ್ವರ ಬಂತು. ಹೋಗುವಾಗ ನಾಲಿಗೆಯ ರುಚಿಯನ್ನೂ ಗಂಟುಕಟ್ಟಿಕೊಂಡು ಹೋಯಿತು. ಈ ಗುಟ್ಟು ಬಲ್ಲವಳು ಅಲ್ಲೇ ಪಾತ್ರೆ ತೊಳೆಯುವ ತಂಗಿ ಒಬ್ಬಳೇ. ಅವಳು ಸೂಪನ್ನು ಕದ್ದು ಕುಡಿದು ನೋಡುವಳು. ಉಪ್ಪು ಸಾಲದಿದ್ದರೆ ಕೆಮ್ಮುವಳು, ಅಣ್ಣ ಉಪ್ಪು ಹಾಕುವನು. ಹೀಗೇ ನಡೆದಿತ್ತು. ಒಂದು ದಿನ ಅವಳಿಗೆ ನಿಜವಾದ ಕೆಮ್ಮೇ ಹಿಡಿಯಿತು. ಅಣ್ಣ ಉಪ್ಪು ಸುರಿದ, ಸುರಿದೇ ಸುರಿದ.

"ಸೋಮವಾರ ಸೌಟು ಕೆಳಗಿಡ್ತೀನಿ ಕಣೆ," ಅಂದ ಸಂಜೆ.

"ಇಡು. ನನ್ನ ಜೊತೆ ಪಾತ್ರೆ ಉಜ್ಜು. ಅದಕ್ಕೆ ನಾಲಿಗೆ ಬೇಡ."

ಅವನು ನಗಲಿಲ್ಲ.

ಕ್ಯಾಂಟೀನಿನ ಹಿತ್ತಿಲಲ್ಲಿ, ಒಡಕು ಟಬ್ಬಿನಲ್ಲಿ, ಅವನೇ ನೆಟ್ಟ ಹುಳಿಸೊಪ್ಪಿತ್ತು. ಕೊಯ್ದಷ್ಟೂ ಬರುವ ಗಿಡ. ಹೊಸಬರು ಕೆಲಸಕ್ಕೆ ಸೇರಿದ ದಿನ "ಸಕ್ಕರೆ ಸೊಪ್ಪು, ತಿನ್ನಪ್ಪ" ಎಂದು ತಿನ್ನಿಸಿ, ಸೊಟ್ಟಗಾದ ಮೂತಿ ನೋಡುವುದು ಅವನ ಹಳೇ ಚಟ. ಈ ಸಲದ ಚಳಿಗೆ ಎಲೆಗಳೆಲ್ಲ ಕೊಳೆತವು. "ಅದೂ ಸತ್ತಿತು" ಎಂದವನು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

ಭಾನುವಾರ ತಂಗಿ ಬ್ರೆಡ್ಡಿನ ನಡುವೆ ಸೊಪ್ಪಿಟ್ಟು ತಂದಳು. ಹೊಟ್ಟೆ ಮುಂದೆ ಮಾಡಿ, ಮೂಗಿನಲ್ಲಿ ಮ್ಯಾನೇಜರನ ದನಿ ತೆಗೆದಳು: "ಏನ್ರೀ, ಪಾಲಕ್ ಬ್ರೆಡ್ಡು. ನಮ್ಮ ಮನೆಯವರ ಕೈಯಡುಗೆ. ಬೇಡ ಅಂದ್ರೆ ಸಂಬಳ ಕಟ್."

ಅವನು ಕಾಗದ ಅಗಿಯುವವನಂತೆ ಅಗಿದ.

ನಾಲಿಗೆಯ ಅಂಚಿನಲ್ಲಿ ಸೂಜಿಮೊನೆಯಷ್ಟು ಏನೋ ಚುರುಕ್ ಅಂದಿತು. ದವಡೆ ನಿಂತಿತು. ಕೆನ್ನೆಯೊಳಗಿಂದ ನೀರು ಒಸರಿ ಬಾಯಿ ತುಂಬಿತು. ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು. ನುಂಗಿದರೆ ಹೊರಟುಹೋದೀತೆಂದು ಹೆದರಿ ಹಾಗೇ ಕೂತ.

"ಹುಳಿ," ಅಂದ, ಮಲಗಿದ ಮಗುವನ್ನು ಎಬ್ಬಿಸಬಾರದೆಂಬಂತೆ.

ತಂಗಿಯ ಹೊಟ್ಟೆ ಒಳಗೆ ಹೋಯಿತು, ಮ್ಯಾನೇಜರನ ದನಿಯೂ ಹೋಯಿತು. "ಗೊತ್ತಾಯ್ತಾ, ಅಣ್ಣ?"

ಅವನು ಎದ್ದು ಹಿತ್ತಿಲಿಗೆ ನಡೆದ. ಸತ್ತ ಕಪ್ಪು ಬುಡದಿಂದ ಸುರುಳಿ ಬಿಚ್ಚುತ್ತ ಎಲೆಗಳು ಎದ್ದಿದ್ದವು. ಬಿಸಿಲು ಅವುಗಳನ್ನು ಹಾದು ಮಣ್ಣಿನ ಮೇಲೆ ಹಸಿರಾಗಿ ಬಿದ್ದಿತ್ತು. ಮಂಡಿಯೂರಿ ಇನ್ನೊಂದೆಲೆ ಕಿತ್ತು ಬಾಯಿಗಿಟ್ಟ. ಅದೂ ಹುಳಿ. ಅಬ್ಬ, ಎಂಥ ಹುಳಿ.

"ನಾಳೆ ಸೌಟು ನಂಗೆ ತಾನೆ?" ಎಂದಳು ಹಿಂದಿನಿಂದ.

"ಮುಟ್ಟಿ ನೋಡು, ಕೈ ಮುರೀತೀನಿ."

"ಹೊಸಬರನ್ನ ಆಡಿಕೊಳ್ತಿದ್ದೆಯಲ್ಲ, ನಿನ್ನ ಮೂತಿ ಹೀಗಿತ್ತು," ಎಂದು ಒಂದು ಕಣ್ಣು ಮುಚ್ಚಿ, ತುಟಿಯನ್ನು ಚೀಲದ ಬಾಯಿಯಂತೆ ಹಿಂಡಿ ತೋರಿಸಿ ನಕ್ಕಳು. ಅವನು ಅವಳಿಗಿಂತ ಜೋರಾಗಿ ನಕ್ಕ. ಗೋಡೆಯಾಚೆಯ ಕಾವಲುಗಾರ ಓಡಿ ಬಂದು ನೋಡುವಷ್ಟು.