ಮುತ್ತು ನುಂಗಿದ ಹಲ್ಲು

ಮನ್ಮಥಪ್ಪ ಮಾಸ್ತರರು ಗದಗದಿಂದ ನಾಸಿಕಕ್ಕೆ ಮಗನ ಮನೆಗೆ ಬಂದು, ಅಲ್ಲಿಂದ ಮಗನ ಕಾರಿನಲ್ಲಿ ಸಂಭಾಜಿನಗರದ ಮಗಳ ಮನೆಗೆ ಹೊರಟದ್ದು ಒಂದೇ ಕೆಲಸಕ್ಕೆ: ಬೇಡ ಅನ್ನುವುದಕ್ಕೆ.

ಮಗಳು ಭಾನುಮತಿ ಬ್ಯಾಂಕಿನ ವರ್ಗಾವಣೆಯಲ್ಲಿ ಆ ಊರಿಗೆ ಬಂದು ಅಲ್ಲೇ ನೆಲೆ ನಿಂತವಳು. ಅವಳ ಮಗಳು ಪ್ರಿಯಂವದಾ ಈಗ ಉತ್ಕರ್ಷ ಎಂಬ ಮರಾಠಿ ಹುಡುಗನನ್ನು ಮೆಚ್ಚಿಕೊಂಡಿದ್ದಳು. ಮರಾಠಿ ಎಂಬುದಕ್ಕೆ ಮಾಸ್ತರರ ತಕರಾರಿರಲಿಲ್ಲ. ಹುಡುಗ ಡಾಕ್ಟರ ಅಂದಾಗಲಂತೂ ಖುಷಿಯೇ ಆಗಿತ್ತು. ಯಾತರ ಡಾಕ್ಟರ ಎಂದು ಕೇಳಿದ ಮೇಲೆ ಮುಖ ಹುಳ್ಳಗಾಯಿತು. ಬಿಡಕಿನ್ ಕಡೆಯ ಹಳ್ಳಿಗಳಿಗೆ ಬೈಕಿನ ಮೇಲೆ ಹೋಗಿ ಎಮ್ಮೆಗಳಿಗೆ ಸೂಜಿ ಚುಚ್ಚುವವನಂತೆ.

"ದನದ ಡಾಕ್ಟರಗ ಕೊಡಾಕ ನನ್ನ ಮೊಮ್ಮಗಳು ಎಮ್ಮಿ ಏನು?" ಎಂದು ದಾರಿಯುದ್ದಕ್ಕೂ ಗೊಣಗಿದರು. ಕಾರು ಓಡಿಸುತ್ತಿದ್ದ ಮಗ ಕೃಷ್ಣರಾಜ, ಅಪ್ಪನ ಮಾತಿಗೆ ಹೂಂಗುಟ್ಟಿ ಪಳಗಿದವನು, ಇದಕ್ಕೂ ಹೂಂ ಅಂದ. ಹಿಂದಿನ ಸೀಟಿನಲ್ಲಿ ಅವನ ಮಗಳು ರುಚಿತಾ, ಅವಳ ತೊಡೆಯ ಮೇಲೆ ಮುತ್ತು ಎಂಬ ಕಂದು ನಾಯಿ. ಮುತ್ತು ಬಾರದಿದ್ದರೆ ತಾನೂ ಬರುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಳು.

ಮರುದಿನ ಬೆಳಿಗ್ಗೆ ಹುಡುಗನ ಕಡೆಯವರು ಬರುವವರಿದ್ದರು. ಭಾನುಮತಿ ಧಾರಾಳವಾಗಿ ತುಪ್ಪ ಸುರಿದು ಶಿರಾ ಮಾಡಿಟ್ಟು ಸೀರೆ ಉಡಲು ಹೋದಳು. ಮಾಸ್ತರರಿಗೆ ಸಕ್ಕರೆ ಕಾಯಿಲೆ. ಆದರೂ ಆ ಘಮಕ್ಕೆ ಮನಸ್ಸು ಕೇಳಬೇಕಲ್ಲ? ಒಂದು ಬಸಿಯಲ್ಲಿ ಮೆಲ್ಲಗೆ ಹಾಕಿಕೊಂಡು ಹಿತ್ತಲಿಗೆ ಹೋಗಿ ತಿಂದರು. ಏಲಕ್ಕಿ ಸಿಪ್ಪೆ ಹಲ್ಲಿನ ಸೆಟ್ಟಿನ ಅಡಿಯಲ್ಲಿ ಸಿಕ್ಕಿತು. ಮುಂಭಾಗದ ನಾಲ್ಕು ಹಲ್ಲುಗಳ ಸೆಟ್ಟು ಅದು, ಲೋಹದ ನುಣುಪಾದ ಪಟ್ಟಿಗೆ ಕಟ್ಟಿಸಿದ್ದು. ಅದನ್ನು ತೆಗೆದು ಉಳಿದ ಶಿರಾದ ಪಕ್ಕ ಇಟ್ಟು, ಬಾಯಿ ಮುಕ್ಕಳಿಸಲು ನಲ್ಲಿಯ ಕಡೆ ಹೋದರು. ತಿರುಗಿ ನೋಡಿದರೆ ಬಸಿ ತೊಳೆದಿಟ್ಟ ಹಾಗಿತ್ತು. ಮುತ್ತು ಮೂತಿ ನೆಕ್ಕಿಕೊಳ್ಳುತ್ತಿತ್ತು.

"ಕೃಷ್ಣಾ! ನನ್ನ ಥೆಟ್ಟು ನುಂಗೈತೋ!"

ತಮ್ಮ ದನಿ ಕೇಳಿ ತಾವೇ ಬೆಚ್ಚಿದರು. ಜೀವಮಾನವಿಡೀ ಮಕ್ಕಳಿಗೆ ಸ, ಶ, ಷ ತಿದ್ದಿದ ಬಾಯಿ ಅದು.

"ಡಾಕ್ಟರ ಕಡೆ ಒಯ್ಯಬೇಕ್ರಿ ಅಪ್ಪಾ," ಎಂದಳು ಓಡಿ ಬಂದ ಭಾನುಮತಿ.

"ಡಾಕ್ಟರ ಇಲ್ಲಿಗೇ ಬರಾಕತ್ತಾರಲ್ಲ," ಎಂದ ಕೃಷ್ಣರಾಜ. ಅಪ್ಪ ದುರುಗುಟ್ಟಿ ನೋಡಿದ್ದಕ್ಕೆ, "ಆತು, ಅವರು ಹೋದ ಕೂಡ್ಲೆ ಬ್ಯಾರೆ ಕಡೆ ತೋರಸೂಣು," ಎಂದು ಮಾತು ಬದಲಿಸಿದ.

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು.

ಉತ್ಕರ್ಷ ಪೇಢೆಯ ಪೊಟ್ಟಣ ಹಿಡಿದು ತಾಯಿಯ ಜೊತೆ ಬಂದು ಕುಳಿತ. ಮಾಸ್ತರರು ತುಟಿ ಹೊಲಿದವರ ಹಾಗೆ ಎದುರಿಗೆ ಕೂತರು. ದಾರಿಯಲ್ಲಿ ಜೋಡಿಸಿಕೊಂಡಿದ್ದ ಭಾಷಣ ಬಾಯಿಪಾಠವಾಗಿತ್ತು. ಆದರೆ ಅದರ ಮೊದಲ ಮಾತೇ 'ಸಂಬಂಧ'. ಅದನ್ನು ಬಾಯಿಂದ ಹೊರಡಿಸುವುದು ಹೇಗೆ? ಕೇಳಿದ್ದಕ್ಕೆಲ್ಲ ಕಣ್ಣು ಮುಚ್ಚಿ ತಲೆಯಾಡಿಸಿದರು. ಹುಡುಗನ ತಾಯಿ ಭಾನುಮತಿಯ ಕಡೆ ಬಾಗಿ, "ನಿಮ್ಮ ತಂದೆ ಎಷ್ಟು ಗಂಭೀರ ಮನುಷ್ಯರು," ಎಂದು ಮರಾಠಿಯಲ್ಲಿ ಪಿಸುಗುಟ್ಟಿದಳು. ಪ್ರಿಯಂವದಾ ನಗು ತಡೆಯಲಾರದೆ ನೀರು ತರಲು ಎದ್ದುಹೋದಳು.

ಉತ್ಕರ್ಷನ ಕಣ್ಣು ಮಾತ್ರ ಮುತ್ತುವಿನ ಮೇಲಿತ್ತು. ಅದು ಮೂಲೆಯಲ್ಲಿ ಜೊಲ್ಲು ಸುರಿಸುತ್ತ, ಮತ್ತೆ ಮತ್ತೆ ಗುಟುಕರಿಸುತ್ತ ಕೂತಿತ್ತು. ಅವನು ಹೊಸ ಕುರ್ತಾ ಹಾಕಿದ್ದನ್ನೂ ಮರೆತು ನೆಲದ ಮೇಲೆ ಕೂತು ಅದರ ಹೊಟ್ಟೆ ಮುಟ್ಟಿ ನೋಡಿದ.

"ಏನು ತಿಂದಿದೆ ಇದು?" ಎಂದು ಮರಾಠಿಯಲ್ಲಿ ಕೇಳಿದ.

ರುಚಿತಾಗೆ ತಡೆಯಲಾಗಲಿಲ್ಲ. "ಆಜೋಬಾಂಚೇ ದಾತ," ಎಂದುಬಿಟ್ಟಳು. ಅಜ್ಜನ ಹಲ್ಲು ಎಂದು ಯಾರೂ ಕನ್ನಡದಲ್ಲಿ ಬಿಡಿಸಿ ಹೇಳಬೇಕಾಗಲಿಲ್ಲ. ಎಲ್ಲರೂ ಮಾಸ್ತರರ ಬಾಯಿಯ ಕಡೆಗೇ ನೋಡಿದರು.

ಮಾಸ್ತರರು ನಿಧಾನಕ್ಕೆ ಬಾಯಿ ತೆರೆದು ತೋರಿಸಿದರು.

ಕಾಲು ಗಂಟೆಯಲ್ಲಿ ಶಿರಾ, ಪೇಢೆ ಎಲ್ಲ ಹಾಗೇ ಬಿಟ್ಟು ಎರಡೂ ಮನೆಯವರು ಊರೊಳಗಿದ್ದ ಉತ್ಕರ್ಷನ ದವಾಖಾನೆಯಲ್ಲಿದ್ದರು. ಎಕ್ಸ್‌ರೇ ಪರದೆಯ ಮೇಲೆ ಮೂಡಿತು: ಮುತ್ತುವಿನ ಪಕ್ಕೆಲುಬುಗಳ ಹಿಂದೆ ನಾಲ್ಕು ಹಲ್ಲು ಸಾಲಾಗಿ ನಗುತ್ತಿದ್ದವು. ಮೊದಲು ಕೃಷ್ಣರಾಜ ನಕ್ಕ. ಆಮೇಲೆ ಹುಡುಗನ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕಡೆಗೆ ಮಾಸ್ತರರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಉತ್ಕರ್ಷ ಒಬ್ಬನೇ ನಗಲಿಲ್ಲ.

"ಇನ್ನೂ ಹೊಟ್ಟೆಯಲ್ಲೇ ಇದೆ, ಮೊನಚೂ ಇಲ್ಲ. ಸೂಜಿ ಹಾಕಿದರೆ ವಾಂತಿಯಲ್ಲಿ ಬರುತ್ತದೆ, ಆಜೋಬಾ," ಎಂದ. ಮುತ್ತುವಿನ ಕಿವಿಯಲ್ಲಿ ಅದೇನೋ ಹೇಳುತ್ತ, ಅದಕ್ಕೆ ಗೊತ್ತೇ ಆಗದ ಹಾಗೆ ಸೂಜಿ ಚುಚ್ಚಿದ. ತುಸು ಹೊತ್ತಿನಲ್ಲಿ ಮುತ್ತು ಬೆನ್ನು ಕಮಾನು ಮಾಡಿ ಎಲ್ಲವನ್ನೂ ಕಕ್ಕಿತು. ಶಿರಾ, ದ್ರಾಕ್ಷಿ, ರುಚಿತಾಳ ಒಂದು ರಿಬ್ಬನ್ನು, ಕಡೆಯಲ್ಲಿ ಟಣ್ ಎಂದು ಹಲ್ಲು. ಅವನ ಕುರ್ತಾದ ತೋಳೂ ಅದರಲ್ಲಿ ಮಿಂದಿತು. ಅವನು ಮೊದಲು ನಾಯಿಯ ಮೂತಿ ಒರೆಸಿ, ಆಮೇಲೆ ತೋಳು ಒರೆಸಿಕೊಂಡದ್ದನ್ನು ಮಾಸ್ತರರು ನೋಡಿದರು.

ಉತ್ಕರ್ಷ ಸೆಟ್ಟನ್ನು ಔಷಧದ ನೀರಿನಲ್ಲಿ ತೊಳೆದು ಎರಡು ಕೈಯಲ್ಲಿ ಹಿಡಿದು ತಂದ. ಮಾಸ್ತರರು ಅದನ್ನು ನೋಡಿದರು, ಮುತ್ತುವನ್ನು ನೋಡಿದರು, ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು.

"ಅಪ್ಪಾ, ಈಗಾದರೂ ಒಂದು ಮಾತು ಹೇಳ್ರಿ. ಇವರು ಕಾಯಾಕತ್ತಾರ," ಎಂದಳು ಭಾನುಮತಿ.

ಮಾಸ್ತರರಿಗೆ ಈಗ ಬೇಡ ಅನ್ನುವ ಮನಸ್ಸಿರಲಿಲ್ಲ. ಇಷ್ಟು ಬೇಗ ಹೂಂ ಅಂದರೆ ಹಿರಿತನ ಎಲ್ಲಿ ಉಳಿದೀತು? ಗಂಟಲು ಸರಿ ಮಾಡಿಕೊಂಡು, "ಥೊಲ್ಪ ವಿಚಾರ ಮಾಡಿ ಥಾವಕಾಶ ಹೇಳತೇನಿ," ಎಂದರು.

"ಏನಂದರು?" ಎಂದು ಹುಡುಗನ ತಾಯಿ ಕೇಳಿದಳು.

ಪ್ರಿಯಂವದಾ ಕಣ್ಣು ಪಿಳುಕಿಸದೆ ಮರಾಠಿಯಲ್ಲಿ ಹೇಳಿದಳು: "ಒಪ್ಪಿಗೆಯಂತೆ. ದಿನ ನೋಡಿ ಅಂತಿದ್ದಾರೆ."

ಮಾಸ್ತರರಿಗೆ ಅಷ್ಟು ಮರಾಠಿ ಚೆನ್ನಾಗಿಯೇ ತಿಳಿಯುತ್ತಿತ್ತು. ಆದರೂ ಅವರು ಮತ್ತೆ ಬಾಯಿ ತೆರೆಯಲಿಲ್ಲ.